ಆಕ್ಸಲಾಟಲ್ ಊಟ ಬಿಟ್ಟಿದೆಯೇ? ಔಷಧಿಗೆ ಮೊದಲು ಥರ್ಮಾಮೀಟರ್ ನೋಡಿ

ಆಕ್ಸಲಾಟಲ್ ಊಟ ಬಿಟ್ಟಿದೆ, ಯಾವ ಔಷಧಿ ಹಾಕಬೇಕು ಎಂದು ಕೇಳುವವರಿಗೆ ತಿರುಗಿ ಕೇಳಬೇಕಾದ ಪ್ರಶ್ನೆ ಒಂದೇ: ಟ್ಯಾಂಕಿನ ನೀರು ಈಗ ಎಷ್ಟು ಡಿಗ್ರಿ ಇದೆ? ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಈ ಪ್ರಾಣಿಗೆ ಬರುವ ತೊಂದರೆಗಳು ಬಹುಪಾಲು ಶುರುವಾಗುವುದು ಬಿಸಿಯಿಂದ, ಇಲ್ಲವೇ ಬಿಸಿಗೆ ಕೆಟ್ಟ ನೀರಿನಿಂದ. ಔಷಧಿ ಬಾಟಲಿಯ ಸರದಿ ಕೊನೆಗೆ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ.

ಆಕ್ಸಲಾಟಲ್ ಮೀನಲ್ಲ, ಕಪ್ಪೆಯ ಹಾಗೆ ಉಭಯವಾಸಿ. ಬೆಳೆದು ಮೊಟ್ಟೆ ಇಡುವ ವಯಸ್ಸಿಗೆ ಬಂದರೂ ಕಿವಿರು ಉಳಿಸಿಕೊಂಡು ನೀರಲ್ಲೇ ಬದುಕುತ್ತದೆ. ಅದರ ತವರು ಮೆಕ್ಸಿಕೊ ನಗರದ ಸೊಚಿಮಿಲ್ಕೊ ಕಾಲುವೆಗಳು, ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರ. ಅಲ್ಲಿನ ತಂಪಿಗೆ ಹೊಂದಿಕೊಂಡ ಮೈಗೆ 16ರಿಂದ 18 ಡಿಗ್ರಿ ನೀರು ಹಿತ. 20ರವರೆಗೆ ನಡೆಯುತ್ತದೆ. 22 ದಾಟಿ ಕೆಲವು ದಿನ ನಿಂತರೆ ಒತ್ತಡದ ಗುರುತುಗಳು ಒಂದೊಂದಾಗಿ ಕಾಣಿಸುತ್ತವೆ. 24ರ ಮೇಲೆ ಪ್ರತಿ ದಿನವೂ ಆಯುಷ್ಯದ ಲೆಕ್ಕಕ್ಕೆ ಕತ್ತರಿ. ನಮ್ಮಲ್ಲಿ ಮಾರ್ಚ್ ಮುಗಿಯುವ ಹೊತ್ತಿಗೆ ಹೊರಗೆ 40ರ ಆಸುಪಾಸು ಇರುತ್ತದೆ, ಆರ್‌ಸಿಸಿ ಛಾವಣಿ ಕೆಳಗಿನ ಕೋಣೆಯಲ್ಲಿ ಇಟ್ಟ ನೀರು ಯಾವ ಯಂತ್ರವೂ ಇಲ್ಲದೆ 30 ದಾಟುತ್ತದೆ. ಈ ಅಂತರವೇ ಇಲ್ಲಿನ ಸಮಸ್ಯೆ.

ಮೈ ಏನು ಹೇಳುತ್ತದೆ

ಮೊದಲು ಕಿವಿರು ನೋಡಬೇಕು. ತಲೆಯ ಎರಡೂ ಬದಿಗೆ ಮೂರು ಮೂರು ಕಡ್ಡಿ, ಒಂದೊಂದರ ಮೇಲೂ ನವಿರಾದ ಕೆಂಪು ಎಳೆಗಳ ಸಾಲು. ನೆಮ್ಮದಿಯಾಗಿರುವ ಪ್ರಾಣಿಯಲ್ಲಿ ಇವು ಹಿಂದಕ್ಕೂ ಬದಿಗೂ ಸಡಿಲವಾಗಿ ಹರಡಿರುತ್ತವೆ. ಆಗಾಗ ಒಮ್ಮೆ ಆರೂ ಕಡ್ಡಿಗಳನ್ನು ಪಟ್ಟನೆ ಹಿಂದಕ್ಕೆ ಬಡಿದು ಬಿಡುತ್ತದೆ, ಅದು ಹೊಸ ನೀರನ್ನು ಎಳೆಗಳ ಮೇಲೆ ಹಾಯಿಸಿಕೊಳ್ಳುವ ರೀತಿ, ಭಯ ಬೇಡ. ಕಡ್ಡಿಗಳ ತುದಿ ಮುಖದ ಕಡೆಗೆ ಬಾಗಿ ಗಂಟೆಗಟ್ಟಲೆ ಹಾಗೇ ನಿಂತರೆ ಮಾತ್ರ ಗಮನ ಕೊಡಬೇಕು. ಕಾರಣ ಎರಡರಲ್ಲಿ ಒಂದು: ಫಿಲ್ಟರಿನ ಸೆಳೆತ ಜಾಸ್ತಿ, ಅಥವಾ ನೀರು ಸರಿಯಿಲ್ಲ. ಯಾವುದು ಎಂದು ತಿಳಿಯಲು ಫಿಲ್ಟರನ್ನು ಅರ್ಧ ಗಂಟೆ ನಿಲ್ಲಿಸಿ, ಗಾಳಿಯ ಪಂಪು ಮಾತ್ರ ನಡೆಯಲಿ. ಕಡ್ಡಿಗಳು ಹಿಂದಕ್ಕೆ ಸರಿದರೆ ಸೆಳೆತದ್ದೇ ತಪ್ಪು. ನೀರು ಬೀಳುವ ಬಾಯಿಯನ್ನು ಗಾಜಿನ ಗೋಡೆಗೆ ತಿರುಗಿಸಿ, ಅಥವಾ ತೂತು ಕೊರೆದ ಅಡ್ಡ ಪೈಪು ಹಾಕಿ ಹರಿವನ್ನು ಹಂಚಿಬಿಡಿ. ಅರ್ಧ ಗಂಟೆಯಾದರೂ ಮುಂದಕ್ಕೇ ಬಾಗಿದ್ದರೆ ಟೆಸ್ಟ್ ಕಿಟ್ ಹೊರಗೆ ತೆಗೆಯಬೇಕು.

ಎಳೆಗಳು ವಾರಗಟ್ಟಲೆಯಲ್ಲಿ ಮೊಂಡಾಗಿ ಬರೀ ಕಡ್ಡಿ ಉಳಿಯುತ್ತಾ ಬಂದರೆ ಅದು ಹಳೆಯ ಕಾಯಿಲೆ: ಹಿಕ್ಕೆ, ಉಳಿದ ಊಟ ಕೊಳೆತು ನೀರಿಗೆ ಸೇರುವ ಅಮೋನಿಯಾ ಅಥವಾ ನೈಟ್ರೈಟ್ ಎಂಬ ವಿಷ ಸ್ವಲ್ಪ ಸ್ವಲ್ಪವೇ ಸುಡುತ್ತಾ ಬಂದಿದೆ. ಎಳೆಗಳು ಮತ್ತೆ ಬೆಳೆಯುತ್ತವೆ, ನೀರು ಸುಧಾರಿಸಿದ ಮೇಲೆ ಒಂದೆರಡು ತಿಂಗಳು ಕಾಯಬೇಕು. ಕಿವಿರು ಬಿಳಿಚಿಕೊಂಡಿದ್ದರೆ ತಕ್ಷಣ ಗಾಬರಿಯಾಗಬೇಡಿ. ಸುಮ್ಮನೆ ಕುಳಿತ ಪ್ರಾಣಿಯ ಕಿವಿರು ತಿಳಿಯಾಗುತ್ತದೆ, ಓಡಾಡಿದರೆ, ತಿಂದರೆ ಕೆಂಪೇರುತ್ತದೆ. ಓಡಾಡಿದ ಮೇಲೂ ಬಣ್ಣ ಬರದಿದ್ದರೆ ಆಗ ಯೋಚಿಸಬೇಕಾದ ವಿಷಯ.

ಎರಡನೆಯದು ಬಾಲ. ತುದಿಯ ಒಂದೆರಡು ಸೆಂಟಿಮೀಟರ್ ಮಾತ್ರ ಪಕ್ಕಕ್ಕೋ ಮೇಲಕ್ಕೋ ಕೊಂಕಿ ಬಿಗಿಯಾಗಿ ನಿಂತಿದ್ದರೆ ಒತ್ತಡ ಇದೆ ಎಂದೇ ಅರ್ಥ. ಕಿವಿರು ಮುಂದಕ್ಕೆ ಬಾಗಿ, ಬಾಲದ ತುದಿಯೂ ಕೊಂಕಿದರೆ ಅನುಮಾನಕ್ಕೆ ಜಾಗವಿಲ್ಲ. ಮಲಬದ್ಧತೆ ಇದ್ದಾಗಲೂ ಬಾಲ ಹೀಗಾಗುತ್ತದೆ, ಆದ್ದರಿಂದ ಕೊನೆಯ ಸಲ ಹಿಕ್ಕೆ ಹಾಕಿದ್ದು ಯಾವಾಗ ಎಂಬುದು ನೆನಪಿರಲಿ.

ಮೂರನೆಯದು ಓಡಾಟ. ಆಕ್ಸಲಾಟಲ್ ಸ್ವಭಾವತಃ ಸೋಮಾರಿ, ಹಗಲಿಡೀ ತಳದಲ್ಲಿ ಬಿದ್ದಿರುತ್ತದೆ. ಗಾಜಿಗೆ ಮೂತಿ ಒತ್ತಿ ಮೇಲೆ ಕೆಳಗೆ ಓಡುವುದು, ಏನೂ ಕಾರಣವಿಲ್ಲದೆ ಸರ್ರನೆ ಸಿಡಿದು ಗೋಡೆಗೆ ಬಡಿದುಕೊಳ್ಳುವುದು, ನೀರಿಂದ ಹೊರಗೆ ಬೀಳುವಂತೆ ಜಿಗಿಯುವುದು ಇವೆಲ್ಲ ನೀರು ಮೈ ಸುಡುತ್ತಿದೆ ಎಂಬುದರ ಸೂಚನೆ. ನೀರು ಬದಲಿಸಿದ ಹತ್ತು ನಿಮಿಷದೊಳಗೆ ಹೀಗಾದರೆ ಕ್ಲೋರಿನ್ ಹೋಗಿಲ್ಲ.

ಮೇಲೆ ಬಂದು ಗಾಳಿ ನುಂಗುವುದು ಆಗೊಮ್ಮೆ ಈಗೊಮ್ಮೆ ಸಹಜ, ಇವಕ್ಕೆ ಶ್ವಾಸಕೋಶವೂ ಇದೆ. ಐದೈದು ನಿಮಿಷಕ್ಕೊಮ್ಮೆ ಬಂದರೆ ನೀರಿನಲ್ಲಿ ಉಸಿರು ಸಾಲುತ್ತಿಲ್ಲ. 18 ಡಿಗ್ರಿಯ ನೀರು ಲೀಟರಿಗೆ ಸುಮಾರು 9.5 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಗೆ ಅದು 7.5ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಬಿಸಿಯಲ್ಲಿ ಪ್ರಾಣಿಗೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಸಿಗುವುದು ಕಡಿಮೆ, ಬೇಕಾಗಿರುವುದು ಜಾಸ್ತಿ.

ಊಟ ಬಿಡುವುದನ್ನು ಒಂಟಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಬೆಳೆದ ಪ್ರಾಣಿಗೆ ವಾರಕ್ಕೆ ಎರಡು ಮೂರು ಸಲ ತಿನಿಸಿದರೆ ಸಾಕು, ಒಂದು ಸಲ ಮುಖ ತಿರುಗಿಸಿದರೆ ಹೊಟ್ಟೆ ತುಂಬಿರಬಹುದು. ಹೊಟ್ಟೆಯ ಅಗಲ ತಲೆಯ ಅಗಲಕ್ಕೆ ಸಮ ಇದ್ದರೆ ತೂಕ ಸರಿಯಿದೆ. ಒಂದು ವಾರ ಮುಟ್ಟದೆ ಹೊಟ್ಟೆ ತಲೆಗಿಂತ ಸಣ್ಣಗಾದರೆ, ಅಥವಾ ಬೇರೆ ಗುರುತುಗಳೂ ಜೊತೆಗಿದ್ದರೆ ಹುಡುಕಾಟ ಶುರುಮಾಡಿ. ಬಾಯಿ ತೆರೆದು ತುರುಕುವ ಕೆಲಸ ಬೇಡವೇ ಬೇಡ.

ಕಾಲಿನ ಸಂದು, ಹೊಟ್ಟೆಯ ಅಡಿ, ಬಾಲದ ಅಂಚಿನಲ್ಲಿ ಕೆಂಪು ಗೀರು ಅಥವಾ ರಕ್ತ ಕಟ್ಟಿದ ಮಚ್ಚೆ ಕಂಡರೆ, ಮೈಯ ಲೋಳೆ ಪದರ ಪೊರೆಯಂತೆ ಸುಲಿದು ತೇಲುತ್ತಿದ್ದರೆ, ಮೈ ಊದಿ ಒಂದೇ ಸಮನೆ ತೇಲುತ್ತಿದ್ದರೆ ಅದು ಒತ್ತಡ ದಾಟಿ ಕಾಯಿಲೆಗೆ ತಿರುಗಿದ ಹಂತ. ಅಲ್ಲಿಂದ ಮುಂದೆ ಮನೆಮದ್ದು ಸಾಲದು.

ಮೊದಲ ಒಂದು ಗಂಟೆ

ಥರ್ಮಾಮೀಟರ್ ನೀರೊಳಗೆ ಬಿಡಿ. ಗಾಜಿನ ಹೊರಗೆ ಅಂಟಿಸುವ ಬಣ್ಣದ ಪಟ್ಟಿ ಕೋಣೆಯ ಬಿಸಿಯನ್ನೂ ಸೇರಿಸಿ ತೋರಿಸುತ್ತದೆ, ಅದನ್ನು ನಂಬಬೇಡಿ. ತಂತಿಯ ತುದಿ ನೀರಲ್ಲಿರುವ ಡಿಜಿಟಲ್ ಮೀಟರು ಅಗ್ಗವೂ ಹೌದು, ಸರಿಯೂ ಹೌದು.

ಆಮೇಲೆ ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್, ಈ ಕ್ರಮದಲ್ಲಿ ಹನಿ ಹಾಕಿ ಬಣ್ಣ ನೋಡುವ ದ್ರವ ಕಿಟ್‌ನಿಂದ ಪರೀಕ್ಷೆ. ಕಾಗದದ ಪಟ್ಟಿಗಳು ನಮ್ಮ ಸೆಖೆಗೆ ಡಬ್ಬಿಯಲ್ಲೇ ಕೆಡುತ್ತವೆ, ಎಷ್ಟೋ ಪಟ್ಟಿಗಳಲ್ಲಿ ಅಮೋನಿಯಾ ಪರೀಕ್ಷೆ ಇರುವುದೇ ಇಲ್ಲ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ನೈಟ್ರೇಟ್ 20 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಒಳಗಿದ್ದರೆ ಒಳ್ಳೆಯದು, 40 ದಾಟಬಾರದು. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 7.4ರಿಂದ 7.6 ಚೆನ್ನ, 8ರವರೆಗೆ ತಡೆದುಕೊಳ್ಳುತ್ತದೆ.

ಬಿಸಿಗೂ ಅಮೋನಿಯಾಕ್ಕೂ ಇರುವ ನಂಟು ತಿಳಿದಿರಲಿ. ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ಸ್ವಲ್ಪ ಭಾಗ ಮಾತ್ರ ಕಿವಿರಿನೊಳಗೆ ನುಗ್ಗುವ ವಿಷದ ರೂಪದಲ್ಲಿರುತ್ತದೆ. ಪಿಎಚ್ 8 ಇರುವ ನೀರಿನಲ್ಲಿ 18 ಡಿಗ್ರಿಗೆ ಆ ಭಾಗ ಶೇಕಡ 3ರಷ್ಟು, 30 ಡಿಗ್ರಿಗೆ ಶೇಕಡ 7 ದಾಟುತ್ತದೆ. ಕಿಟ್‌ನಲ್ಲಿ ಅದೇ ಹಸಿರು ಬಣ್ಣ, ಪ್ರಾಣಿಗೆ ಎರಡು ಪಟ್ಟು ವಿಷ. ಚಳಿಗಾಲದಲ್ಲಿ ಹೇಗೋ ನಡೆದುಹೋದ ಟ್ಯಾಂಕು ಏಪ್ರಿಲ್‌ನಲ್ಲಿ ಇದ್ದಕ್ಕಿದ್ದಂತೆ ಕೈಕೊಡುವುದು ಇದೇ ಕಾರಣಕ್ಕೆ.

ಅಮೋನಿಯಾ ಅಥವಾ ನೈಟ್ರೈಟ್ ಕಂಡರೆ ಅರ್ಧ ನೀರು ಬದಲಿಸಿ. ಒಂದು ಸಲ ಅರ್ಧ ತೆಗೆದರೆ ವಿಷವೂ ಅರ್ಧವಾಗುತ್ತದೆ, 2 ಪಿಪಿಎಂ ಇದ್ದದ್ದು 1 ಆಗುತ್ತದೆ ಅಷ್ಟೇ, ಹಾಗಾಗಿ ಸಂಜೆಗೆ ಮತ್ತೊಂದು ಸಲ ಬೇಕಾದೀತು. ಹೊಸ ನೀರು ಹಳೆಯದಕ್ಕಿಂತ 2 ಡಿಗ್ರಿಗಿಂತ ಹೆಚ್ಚು ಕೆಳಗಿರಬಾರದು. ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ತಿಕ್ಕಿ ತೊಳೆಯುವ ಹುಮ್ಮಸ್ಸು ಆ ದಿನ ಬೇಡ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇರುವುದೇ ಅದರಲ್ಲಿ. ತೊಳೆಯಲೇಬೇಕಾದರೆ ಟ್ಯಾಂಕಿನಿಂದ ತೆಗೆದ ಹಳೇ ನೀರಿನಲ್ಲಿ ಎರಡು ಸಲ ಹಿಂಡಿದರೆ ಸಾಕು.

ಟ್ಯಾಂಕು ಇನ್ನೂ ಸೈಕಲ್ ಆಗಿಲ್ಲವೆಂದರೆ, ಅಂದರೆ ಆ ಬ್ಯಾಕ್ಟೀರಿಯಾ ನೆಲೆಯೂರಿಲ್ಲವೆಂದರೆ, ಪ್ರಾಣಿಯನ್ನು ಅಲ್ಲಿಡುವುದೇ ತಪ್ಪು. ಹತ್ತರಿಂದ ಹದಿನೈದು ಲೀಟರಿನ ಪ್ಲಾಸ್ಟಿಕ್ ಡಬ್ಬಿಗೆ ವರ್ಗಾಯಿಸಿ. ಉಪ್ಪಿನಕಾಯಿ, ಸೋಪಿನ ಪುಡಿ ತುಂಬಿದ್ದ ಡಬ್ಬಿ ಆಗದು. ದಿನಕ್ಕೊಮ್ಮೆ ಪೂರ್ತಿ ನೀರು ಬದಲಿಸಬೇಕು: ಹೊಸ ನೀರು ಅದೇ ಉಷ್ಣತೆಗೆ ತಂದು, ಕ್ಲೋರಿನ್ ತೆಗೆದು, ಎರಡನೇ ಡಬ್ಬಿಯಲ್ಲಿ ಸಿದ್ಧವಿಟ್ಟು, ಪ್ರಾಣಿಯನ್ನು ಮೆತ್ತನೆಯ ಬಲೆಯಲ್ಲಿ ದಾಟಿಸಿ. ಖಾಲಿ ಟ್ಯಾಂಕಿಗೆ ಅಮೋನಿಯಂ ಕ್ಲೋರೈಡಿನಿಂದ 2 ಪಿಪಿಎಂ ಅಮೋನಿಯಾ ಕೊಟ್ಟು, ಅದು 24 ಗಂಟೆಯೊಳಗೆ ಸೊನ್ನೆಗೆ ಬಂದು ನೈಟ್ರೈಟ್ ಕೂಡ ಸೊನ್ನೆ ತೋರಿಸುವವರೆಗೆ ಕಾಯಬೇಕು. ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ ಹಿಡಿಯುತ್ತದೆ.

ಬಿಸಿ ಇಳಿಸುವ ಲೆಕ್ಕ

ಇಲ್ಲಿ ಜನ ಹೆಚ್ಚು ಎಡವುತ್ತಾರೆ. ಐಸ್ ಬಾಟಲಿ ಸಾಕು ಎನ್ನುವವರು ಒಮ್ಮೆ ಲೆಕ್ಕ ಹಾಕಲಿ. ಒಂದು ಲೀಟರ್ ನೀರು ಗಟ್ಟಿಯಾಗಿ ಹೆಪ್ಪುಗಟ್ಟಿದ ಬಾಟಲಿ ಪೂರ್ತಿ ಕರಗಿ 18 ಡಿಗ್ರಿಗೆ ಬರುವಾಗ 100 ಲೀಟರ್ ನೀರನ್ನು ಇಳಿಸುವುದು ಹತ್ತಿರಹತ್ತಿರ 1 ಡಿಗ್ರಿ. ಟ್ಯಾಂಕು 28ರಲ್ಲಿದ್ದರೆ 18ಕ್ಕೆ ತರಲು ಹತ್ತು ಬಾಟಲಿ, ಅದೂ ಹೊರಗಿನ ಬಿಸಿ ಒಳಗೆ ಬರುವುದೇ ಇಲ್ಲ ಎಂದುಕೊಂಡರೆ. ಬಾಟಲಿ ಕರಗಿದ ಮೇಲೆ ಮತ್ತೆ ಏರುತ್ತದೆ. ಹೀಗೆ ದಿನಕ್ಕೆರಡು ಸಲ ಏರಿಳಿಯುವುದು ಒಂದೇ ಸಮನೆ 23ರಲ್ಲಿ ಇರುವುದಕ್ಕಿಂತ ಮೇಲೇನಲ್ಲ. ಐಸು ತುರ್ತಿಗೆ ಇರಲಿ: ಫ್ರೀಜರಿನಲ್ಲಿ ಸದಾ ನಾಲ್ಕೈದು ಬಾಟಲಿ ಸಿದ್ಧ ಇಡಿ, ಗಂಟೆಗೆ ಒಂದು ಡಿಗ್ರಿಗಿಂತ ಹೆಚ್ಚು ಇಳಿಯದಂತೆ ಒಂದೊಂದೇ ತೇಲಿಬಿಡಿ. ಐಸ್ ತುಂಡನ್ನು ಹಾಗೇ ನೀರಿಗೆ ಹಾಕಬೇಡಿ, ಅದರಲ್ಲಿರುವುದು ಕ್ಲೋರಿನ್ ತೆಗೆಯದ ನೀರು.

ಫ್ಯಾನು ಎರಡನೇ ಮಾತು. ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸಿದರೆ ಆವಿಯಾಗಿ ತಂಪಾಗುತ್ತದೆ, ನಮ್ಮ ಒಣ ಬೇಸಿಗೆಯಲ್ಲಿ 3–4 ಡಿಗ್ರಿ ಇಳಿಯುವುದೂ ಉಂಟು. ಆದರೆ ಇದಕ್ಕೊಂದು ಮಿತಿ ಇದೆ. ಮಡಿಕೆ ನೀರು ತಂಪಾಗುವುದೂ ಇದೇ ನಿಯಮದಿಂದ, ಎಷ್ಟು ಹೊತ್ತು ಇಟ್ಟರೂ ಅದು ಫ್ರಿಜ್ ನೀರಾಗುವುದಿಲ್ಲ. ಗಾಳಿ 42 ಡಿಗ್ರಿ, ತೇವಾಂಶ ಶೇಕಡ 20 ಇದ್ದರೆ ಆವಿಯಾಗುವಿಕೆಯಿಂದ ನೀರು ಇಳಿಯಬಲ್ಲ ಕಟ್ಟಕಡೆಯ ಮಟ್ಟವೇ ಸುಮಾರು 24 ಡಿಗ್ರಿ. ಮನೆಯೊಳಗೆ 34 ಡಿಗ್ರಿ, ಶೇಕಡ 35 ತೇವಾಂಶ ಇದ್ದರೆ ಇಪ್ಪತ್ತೆರಡೂವರೆ. ಇದು ಪುಸ್ತಕದ ಲೆಕ್ಕ, ಟ್ಯಾಂಕಿನ ಮೇಲೆ ಬೀಸುವ ಸಣ್ಣ ಫ್ಯಾನು ಅಷ್ಟು ದೂರ ಹೋಗುವುದೂ ಇಲ್ಲ. ಮಳೆ ಹಿಡಿದು ಗಾಳಿ ಒದ್ದೆಯಾದ ಮೇಲೆ ಒಂದೆರಡು ಡಿಗ್ರಿಗೇ ನಿಲ್ಲುತ್ತದೆ. ಅಂದರೆ ಏಪ್ರಿಲ್, ಮೇ ತಿಂಗಳನ್ನು ಫ್ಯಾನಿನಿಂದ ಮಾತ್ರ ದಾಟಿಸುವುದು ಲೆಕ್ಕದಲ್ಲೇ ಕೂಡದ ಮಾತು. ಫ್ಯಾನು ಹಾಕಿದವರು ಆವಿಯಾದಷ್ಟು ನೀರನ್ನು ಬೋರ್ ನೀರಿನಿಂದ ತುಂಬಿಸುತ್ತಾ ಹೋದರೆ ಲವಣ ಒಳಗೇ ಉಳಿದು ವಾರ ವಾರಕ್ಕೆ ಗಡಸುತನ ಏರುತ್ತದೆ, ಇಳಿದ ಮಟ್ಟಕ್ಕೆ ಆರ್‌ಒ ನೀರು ಸೇರಿಸಿ.

ಉಳಿಯುವುದು ಎರಡು ದಾರಿ: ಟ್ಯಾಂಕಿನ ನೀರನ್ನು ತಂಪಾಗಿಸುವ ಯಂತ್ರವಾದ ಚಿಲ್ಲರ್, ಅಥವಾ ಹಗಲು ರಾತ್ರಿ ನಡೆಯುವ ಎಸಿ. ಎಸಿಯನ್ನು 24ಕ್ಕೆ ಇಟ್ಟು ನಿಶ್ಚಿಂತರಾಗುವವರಿದ್ದಾರೆ, ನೀರು 23ರ ಸುತ್ತ ನಿಲ್ಲುತ್ತದೆ, ಅದು ಸಾಲದು. ಎಸಿ 20ಕ್ಕೆ ಇಟ್ಟು ಜೊತೆಗೆ ಫ್ಯಾನು ಬೀಸಿದರೆ 18–19 ಸಿಗುತ್ತದೆ. ಕರೆಂಟ್ ಬಿಲ್ ನೋಡಿದ ಮೇಲೆ ಚಿಲ್ಲರೇ ವಾಸಿ ಅನ್ನಿಸುತ್ತದೆ.

ಚಿಲ್ಲರ್ ಕೊಳ್ಳುವಾಗ ಡಬ್ಬದ ಮೇಲಿನ ಲೀಟರ್ ಲೆಕ್ಕ ನಂಬಬೇಡಿ, ಅದು ನಮ್ಮಂಥ ಸೆಖೆಯ ಊರಿಗೆ ಹಾಕಿದ ಲೆಕ್ಕವಲ್ಲ. 100 ಲೀಟರಿನ ಬರೀ ಗಾಜಿನ ಟ್ಯಾಂಕು 36 ಡಿಗ್ರಿ ಕೋಣೆಯಲ್ಲಿ 18ರಲ್ಲಿ ನಿಲ್ಲಬೇಕಾದರೆ ಗಾಜಿನ ಮೂಲಕ ನಿರಂತರ ನೂರು ವ್ಯಾಟಿಗೂ ಮೀರಿ ಬಿಸಿ ಒಳಬರುತ್ತಿರುತ್ತದೆ. ಅಷ್ಟನ್ನೂ ಹೊರಹಾಕಬೇಕು. ಕಂಪ್ರೆಸರ್ ಇಲ್ಲದೆ ಪೆಲ್ಟಿಯರ್ ಚಿಪ್ಪಿನಿಂದ ನಡೆಯುವ ಅಗ್ಗದ ಕೂಲರುಗಳಿಗೆ ಇದರ ಅರ್ಧವೂ ಆಗದು. ಕಂಪ್ರೆಸರ್ ಇರುವ ಚಿಲ್ಲರ್ ತೆಗೆದುಕೊಳ್ಳಿ, ನಿಮ್ಮ ಟ್ಯಾಂಕಿಗೆ ಹೇಳಿದ್ದಕ್ಕಿಂತ ಒಂದು ಅಳತೆ ದೊಡ್ಡದು. ಅದರ ಬಿಸಿಗಾಳಿ ಕಿಟಕಿಯ ಹೊರಗೆ ಹೋಗುವಂತೆ ಇಡಿ. ಮೂಲೆಯಲ್ಲಿ ಮುಚ್ಚಿಟ್ಟರೆ ತಾನೇ ಉಗುಳಿದ ಬಿಸಿಯನ್ನು ತಾನೇ ಎಳೆದುಕೊಂಡು ಒದ್ದಾಡುತ್ತದೆ. ಹಿಂಭಾಗದ ಜಾಲರಿಗೆ ನಮ್ಮೂರ ಧೂಳು ಬೇಗ ಕಟ್ಟುತ್ತದೆ, ಹದಿನೈದು ದಿನಕ್ಕೊಮ್ಮೆ ಬ್ರಷ್ ಹೊಡೆಯಿರಿ.

ಎಲ್ಲಕ್ಕಿಂತ ಅಗ್ಗದ ಕೆಲಸ ಥರ್ಮಾಕೋಲ್. ಒಂದು ಇಂಚು ದಪ್ಪದ ಹಾಳೆ ಕತ್ತರಿಸಿ ಹಿಂಬದಿ, ಎರಡೂ ಪಕ್ಕ, ತಳಕ್ಕೆ ಕೊಟ್ಟರೆ ಆ ಬದಿಗಳಿಂದ ಬರುವ ಬಿಸಿ ಮೂರನೇ ಒಂದಕ್ಕಿಂತ ಕಡಿಮೆಯಾಗುತ್ತದೆ. ಮುಂದಿನ ಗಾಜಿಗೂ ಒಂದು ತುಂಡು ಮಾಡಿಟ್ಟು ಮಧ್ಯಾಹ್ನ ಮುಚ್ಚಿ, ನೋಡಬೇಕೆನಿಸಿದಾಗ ತೆಗೆಯಿರಿ.

ಟ್ಯಾಂಕು ಎಲ್ಲಿಡುವುದು ಎಂಬುದರಲ್ಲೇ ಮೂರ್ನಾಲ್ಕು ಡಿಗ್ರಿ ಇದೆ. ಹಳೆಯ ಕಲ್ಲುಗೋಡೆ, ಮಣ್ಣಿನ ಮಾಳಿಗೆಯ ಮನೆ ಇದ್ದವರು ಪುಣ್ಯವಂತರು, ಒಳಕೋಣೆಯಲ್ಲಿ ನೆಲಕ್ಕೆ ಹತ್ತಿರ ಇಡಿ. ಆರ್‌ಸಿಸಿ ಮನೆಯಲ್ಲಾದರೆ ನೆಲಮಹಡಿ, ಉತ್ತರದ ಕೋಣೆ. ಛಾವಣಿ ಹಗಲು ಕುಡಿದ ಬಿಸಿಯನ್ನು ರಾತ್ರಿ ಬಿಡುತ್ತದೆ, ನೀರು ಅತಿ ಹೆಚ್ಚು ಕಾಯುವುದು ಮಧ್ಯಾಹ್ನವಲ್ಲ, ರಾತ್ರಿ ಎಂಟರ ಹೊತ್ತಿಗೆ. ದಿನಕ್ಕೆ ಎರಡು ಸಲ ಬರೆದಿಡುವುದಾದರೆ ಬೆಳಗ್ಗೆ ಆರು, ರಾತ್ರಿ ಎಂಟು.

ಕರೆಂಟಿನ ಮಾತು. ಶಕ್ತಿನಗರ, ಕುಡಿತಿನಿಯ ವಿದ್ಯುತ್ ಸ್ಥಾವರಗಳೆರಡೂ ನಮ್ಮ ಪಕ್ಕದಲ್ಲೇ ಇದ್ದರೂ ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋಗುವುದು ಹೋಗುತ್ತದೆ. ಇನ್‌ವರ್ಟರಿಗೆ ಚಿಲ್ಲರ್ ಹಾಕುವ ಮೊದಲು ಕಂಪ್ರೆಸರ್ ಶುರುವಾಗುವಾಗ ಎಳೆಯುವ ಹೆಚ್ಚಿನ ಕರೆಂಟನ್ನು ಅದು ತಡೆಯುತ್ತದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ. ತಡೆಯದಿದ್ದರೆ ಫಿಲ್ಟರ್, ಗಾಳಿಯ ಪಂಪು ಮಾತ್ರ ಇನ್‌ವರ್ಟರ್ ಮೇಲಿರಲಿ. ಥರ್ಮಾಕೋಲ್ ಕಟ್ಟಿದ ಟ್ಯಾಂಕು ಎರಡು ಮೂರು ಗಂಟೆ ಹೆಚ್ಚು ಕಾಯದೆ ನಿಲ್ಲುತ್ತದೆ. ಫಿಲ್ಟರ್ ನಿಂತರೆ ಮಾತ್ರ ಒಳಗಿನ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸಾಯತೊಡಗುತ್ತವೆ.

ಯಾವ ನೀರು

ಸಂಪಿನ ನೀರು ತೆಗೆದುಕೊಳ್ಳಿ, ಸಿಂಟೆಕ್ಸಿನದಲ್ಲ. ಮೇ ತಿಂಗಳ ಮಧ್ಯಾಹ್ನ ಮೇಲಿನ ಟ್ಯಾಂಕಿನಿಂದ ಬರುವ ನೀರಿನಲ್ಲಿ ಕೈ ತೊಳೆಯುವುದೇ ಕಷ್ಟ, ಅದನ್ನು ಆಕ್ಸಲಾಟಲಿಗೆ ಹೇಗೆ ಹಾಕುವುದು.

ತುಂಗಭದ್ರೆಯ ನಲ್ಲಿ ನೀರು ಗಡಸುತನದಲ್ಲಿ ಪರವಾಗಿಲ್ಲ, ಕ್ಲೋರಿನ್ ಮಾತ್ರ ತೆಗೆಯಬೇಕು. ಅಗಲ ಬಾಯಿಯ ಬಕೆಟ್ಟಿನಲ್ಲಿ ಗಾಳಿಯ ಕಲ್ಲು ಬಿಟ್ಟು 24 ಗಂಟೆ ಇಟ್ಟರೆ ಹೋಗುತ್ತದೆ. ಅಷ್ಟು ಪುರುಸೊತ್ತಿಲ್ಲದಿದ್ದರೆ ಅಂಗಡಿಯಲ್ಲಿ ಆಂಟಿಕ್ಲೋರಿನ್ ಎಂದು ಮಾರುವ ಸೋಡಿಯಂ ಥಯೋಸಲ್ಫೇಟ್, ಬಾಟಲಿಯ ಮೇಲೆ ಹೇಳಿದ ಅಳತೆಯಲ್ಲಿ. ಲೋಳೆಸರ ಸೇರಿಸಿದ, ಅಯೋಡಿನ್ ಇರುವ ಕಂಡಿಷನರುಗಳನ್ನು ಮುಟ್ಟಬೇಡಿ. ಹೊಳೆಗೆ ಕೆಂಪು ನೀರು ಬಂದು ನಲ್ಲಿಯಲ್ಲಿ ಬ್ಲೀಚಿಂಗ್ ಪೌಡರಿನ ಘಾಟು ಜೋರಾಗಿರುವ ದಿನ ನೀರು ಬದಲಿಸುವುದನ್ನು ಎರಡು ದಿನ ಮುಂದೂಡಿದರೆ ಗಂಟೇನೂ ಹೋಗುವುದಿಲ್ಲ.

ಬೋರ್ ನೀರಿನ ಕಥೆ ಬೇರೆ. ಆಕ್ಸಲಾಟಲಿಗೆ ಸ್ವಲ್ಪ ಗಡಸು ನೀರೇ ಬೇಕು, 125ರಿಂದ 250 ಪಿಪಿಎಂ ಗಡಸುತನ ಒಳ್ಳೆಯದು. ನಮ್ಮ ಬೋರುಗಳಲ್ಲಿ 500, 600 ಸಾಮಾನ್ಯ, ಎಷ್ಟೋ ಕಡೆ ಫ್ಲೋರೈಡ್ ಮತ್ತು ಹೊಲದ ಗೊಬ್ಬರದ ನೈಟ್ರೇಟ್ ಬೇರೆ. ಬೋರ್ ನೀರನ್ನೇ ಮೊದಲು ಕಿಟ್‌ನಲ್ಲಿ ನೋಡಿ. ಅದರಲ್ಲೇ 40 ಪಿಪಿಎಂ ನೈಟ್ರೇಟ್ ಇದ್ದರೆ ಎಷ್ಟು ಬದಲಿಸಿದರೂ ಟ್ಯಾಂಕಿನಲ್ಲಿ ಇಳಿಯುವ ಮಾತಿಲ್ಲ. ಹಾಗೆಂದು ಶುದ್ಧ ನೀರಿನ ಘಟಕದ ಆರ್‌ಒ ಕ್ಯಾನನ್ನು ತಂದು ನೇರ ಸುರಿಯುವುದೂ ತಪ್ಪು. ಲವಣವಿಲ್ಲದ ನೀರಿನಲ್ಲಿ ಚರ್ಮದ ಮೂಲಕ ನೀರು ಒಳಗೆ ನುಗ್ಗುತ್ತಲೇ ಇರುತ್ತದೆ, ಅದನ್ನು ಹೊರಹಾಕುವುದರಲ್ಲೇ ಪ್ರಾಣಿ ಸುಸ್ತಾಗುತ್ತದೆ. ಎರಡನ್ನೂ ಬೆರೆಸಿ: 600 ಪಿಪಿಎಂ ಬೋರ್ ನೀರು ಒಂದು ಕೊಡ, 50 ಪಿಪಿಎಂ ಆರ್‌ಒ ನೀರು ಮೂರು ಕೊಡ ಸೇರಿದರೆ ಸುಮಾರು 190 ಬರುತ್ತದೆ. ಹಳೆಯ ನೀರಿಗೆ ಒಗ್ಗಿಹೋದ ಪ್ರಾಣಿಯಾದರೆ ಈ ಬದಲಾವಣೆಯನ್ನು ಎರಡು ಮೂರು ವಾರಕ್ಕೆ ಹಂಚಿ. ಅಲಂಕಾರಕ್ಕೆಂದು ಶಹಾಬಾದ್ ಕಲ್ಲಿನ ತುಂಡು ಹಾಕಿದ್ದರೆ ತೆಗೆಯಿರಿ, ಅದು ಸುಣ್ಣದ ಕಲ್ಲು, ಗಡಸುತನವನ್ನೂ ಪಿಎಚ್ಚನ್ನೂ ಮೇಲಕ್ಕೇ ಎಳೆಯುತ್ತದೆ.

ಕಣ್ಣಿಗೆ ಬೀಳದ ಕಾರಣಗಳು

ಉಷ್ಣತೆ ಸರಿ, ಕಿಟ್‌ನಲ್ಲಿ ಎಲ್ಲವೂ ಸರಿ, ಆದರೂ ಬಾಲ ಕೊಂಕಿದೆ ಎಂದರೆ ಕೋಣೆಯನ್ನು ನೋಡಿ. ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ಸೊಳ್ಳೆ ದ್ರವ ಎರಡರಲ್ಲೂ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಇರುತ್ತದೆ, ನೀರಿನ ಜೀವಿಗಳಿಗೆ ಅದು ಘೋರ ವಿಷ. ಗಾಳಿಯ ಪಂಪು ಕೋಣೆಯ ಗಾಳಿಯನ್ನು ಎಳೆದು ನೇರ ನೀರಿಗೆ ತುಂಬುತ್ತದೆ. ಆ ಕೋಣೆಯಲ್ಲಿ ಸೊಳ್ಳೆಪರದೆ ಬಿಟ್ಟು ಬೇರೇನೂ ಬೇಡ. ಕೈಗೆ ಹಚ್ಚಿದ ಸ್ಯಾನಿಟೈಸರ್, ತಲೆಗೆ ಹಚ್ಚಿದ ಎಣ್ಣೆ ಕೂಡ ಕೈ ಅದ್ದಿದರೆ ನೀರಿಗೆ ಹೋಗುತ್ತದೆ.

ಆಕ್ಸಲಾಟಲ್ ಮೈ ಉದ್ದಕ್ಕೂ ನೀರಿನ ಕಂಪನ ಗ್ರಹಿಸುವ ಅಂಗಗಳಿವೆ. ಸ್ಪೀಕರ್, ವಾಷಿಂಗ್ ಮಷೀನ್ ಪಕ್ಕ ಟ್ಯಾಂಕು ಬೇಡ. ಅಲಾಯಿ ಹಬ್ಬದಲ್ಲಿ ಮನೆ ಮುಂದೆಯೇ ಹಲಗೆ ಬಾರಿಸುವ ಓಣಿಯಾದರೆ ಟ್ಯಾಂಕಿನ ಕಾಲಿನಡಿ ದಪ್ಪ ರಬ್ಬರ್ ಹಾಳೆ ಕೊಟ್ಟು, ಆ ಎರಡು ದಿನ ಊಟ ಕೊಡದೆ ಕತ್ತಲಲ್ಲಿ ಬಿಟ್ಟುಬಿಡಿ. ಇವಕ್ಕೆ ಕಣ್ಣಿನ ರೆಪ್ಪೆಯಿಲ್ಲ, ಬಿಳಿ ಎಲ್‌ಇಡಿ ಬೆಳಕು ಹಿಂಸೆ. ಅಂಚು ಉಜ್ಜಿ ನುಣುಪು ಮಾಡಿದ ಮಣ್ಣಿನ ಕುಂಡವೋ, ನಾಲ್ಕು ಇಂಚಿನ ಪಿವಿಸಿ ಪೈಪೋ ಅಡಗಿಕೊಳ್ಳಲು ಇಡಿ. ಮೀನುಗಳ ಜೊತೆ ಬಿಟ್ಟಿದ್ದರೆ ಇವತ್ತೇ ಬೇರೆ ಮಾಡಿ, ಕಿವಿರಿನ ಎಳೆಗಳನ್ನು ಮೀನು ಹುಳವೆಂದು ಕಚ್ಚುತ್ತದೆ.

ತಳದಲ್ಲಿ ಬಣ್ಣದ ಜಲ್ಲಿ ಇದ್ದರೆ ಅದೂ ಹೋಗಬೇಕು. ಆಕ್ಸಲಾಟಲ್ ಬಾಯಿ ತೆರೆದು ನೀರಿನ ಸಮೇತ ಸೆಳೆದು ನುಂಗುವ ಪ್ರಾಣಿ, ಬಟಾಣಿ ಗಾತ್ರದ ಕಲ್ಲು ಹೊಟ್ಟೆಗೆ ಹೋದರೆ ಅಲ್ಲೇ ಕೂರುತ್ತದೆ. ಬರೀ ಗಾಜಿನ ತಳ ಸಾಕು. ದೊಡ್ಡ ಪ್ರಾಣಿಗೆ ಒಂದು ಮಿಲಿಮೀಟರಿಗಿಂತ ಸಣ್ಣ ಜರಡಿ ಹಿಡಿದ ಮರಳು ನಡೆಯುತ್ತದೆ.

ಊಟಕ್ಕೆ ಎರೆಹುಳುವಿಗಿಂತ ಒಳ್ಳೆಯದಿಲ್ಲ, ಆದರೆ ಎಲ್ಲಿಯ ಎರೆಹುಳು ಎಂಬುದು ಮುಖ್ಯ. ಮೆಣಸಿನಕಾಯಿ, ಹತ್ತಿ, ಭತ್ತದ ಹೊಲದ ಬದುವಿನಿಂದ ಅಗೆದು ತರಬೇಡಿ, ಅಲ್ಲಿ ಹೊಡೆಯುವ ಔಷಧಿ ನಿಮಗೇ ಗೊತ್ತು. ಎರೆಗೊಬ್ಬರ ಮಾಡುವವರಲ್ಲಿ ತೆಗೆದುಕೊಳ್ಳಿ. ಅಲ್ಲೂ ಎರಡು ಜಾತಿ ಸಿಗುತ್ತವೆ: ಉದ್ದನೆಯ, ನೇರಳೆ ಹೊಳಪಿನ ಯೂಡ್ರಿಲಸನ್ನು ಆಕ್ಸಲಾಟಲ್ ಚೆನ್ನಾಗಿ ತಿನ್ನುತ್ತದೆ. ಕೆಂಪು ಪಟ್ಟೆಯ ಸಣ್ಣ ಐಸೀನಿಯಾ ಹಿಡಿದರೆ ಹಳದಿ ಕಹಿ ರಸ ಬಿಡುತ್ತದೆ, ಎಷ್ಟೋ ಪ್ರಾಣಿಗಳು ಬಾಯಿಗೆ ತೆಗೆದುಕೊಂಡು ಉಗುಳುತ್ತವೆ. ಉಗುಳಿತೆಂದರೆ ಕಾಯಿಲೆ ಎಂದುಕೊಳ್ಳಬೇಡಿ, ಹುಳು ಬದಲಿಸಿ ನೋಡಿ. ತಿನ್ನದೆ ಬಿಟ್ಟದ್ದನ್ನು ಅರ್ಧ ಗಂಟೆಯೊಳಗೆ ಹೊರಗೆ ತೆಗೆಯಬೇಕು.

ಬೂಷ್ಟು ಬಂದರೆ

ಬಿಸಿಗೆ ಬಳಲಿದ ಪ್ರಾಣಿಯ ಕಿವಿರು ತುದಿಯಲ್ಲಿ ಹತ್ತಿ ಎಳೆದಿಟ್ಟಂತೆ ಬಿಳಿ ಕುಚ್ಚು ಕಾಣಿಸಿದರೆ ಅದು ಬೂಷ್ಟು. ನೀರು ತಂಪಾಗಿಸಿ ಶುದ್ಧವಾಗಿಟ್ಟರೆ ಸಣ್ಣದು ತಾನೇ ಉದುರುತ್ತದೆ. ಹೆಚ್ಚುತ್ತಿದ್ದರೆ ಉಪ್ಪಿನ ಸ್ನಾನ: ಟ್ಯಾಂಕಿನಷ್ಟೇ ಉಷ್ಣತೆಯ, ಕ್ಲೋರಿನ್ ತೆಗೆದ ಒಂದು ಲೀಟರ್ ನೀರಿಗೆ ಅಯೋಡಿನ್ ಇಲ್ಲದ ಉಪ್ಪು 10 ಗ್ರಾಂ, ಅಂದರೆ ಎರಡು ಚಹಾ ಚಮಚ, ಪೂರ್ತಿ ಕರಗಿರಬೇಕು. ಪ್ರಾಣಿಯನ್ನು ಅದರಲ್ಲಿ 10 ನಿಮಿಷ ಬಿಡಿ, ಪಕ್ಕದಲ್ಲೇ ನಿಂತು ನೋಡುತ್ತಿರಿ, 15 ನಿಮಿಷ ಯಾವ ಕಾರಣಕ್ಕೂ ದಾಟಬಾರದು. ಬೆಳಗ್ಗೆ, ಸಂಜೆ, ಮೂರರಿಂದ ಐದು ದಿನ. ಆಚೆಗೂ ಮುಂದುವರಿಸಿದರೆ ಕಿವಿರು, ಚರ್ಮ ಉಪ್ಪಿಗೆ ಸುಡುತ್ತವೆ. ಟ್ಯಾಂಕಿಗೇ ಉಪ್ಪು ಸುರಿಯಬೇಡಿ. ಮೀನಿಗೆಂದು ಮಾರುವ ತಾಮ್ರ, ಮ್ಯಾಲಕೈಟ್ ಗ್ರೀನ್ ಇರುವ ಔಷಧಿಗಳು ಈ ತೆಳು ಚರ್ಮದ ಪ್ರಾಣಿಗೆ ಅಪಾಯ, ಅಂಗಡಿಯವರು ಎಷ್ಟೇ ಧೈರ್ಯ ಹೇಳಲಿ. ಮೆತ್ತಗಿನ ಉಪಾಯ ಬೇಕಾದರೆ ಶಾಲೆ ಅಂಗಳಗಳಲ್ಲಿ ನೆರಳಿಗೆ ಬೆಳೆಸುವ ಕಾಡುಬಾದಾಮಿ ಮರದ ತಾನಾಗಿ ಉದುರಿ ಒಣಗಿದ ಎಲೆ, ತೊಳೆದು 50 ಲೀಟರಿಗೆ ಒಂದರಂತೆ ಹಾಕಬಹುದು, ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ. ರಸ್ತೆ ಬದಿಯ ಧೂಳಿನ ಎಲೆ ಬೇಡ.

ಕಾಲು, ಬಾಲದ ತುದಿ ತುಂಡಾಗಿದ್ದರೆ ಏನೂ ಹಚ್ಚಬೇಡಿ. ತಂಪು ನೀರು ಕೊಟ್ಟರೆ ಮತ್ತೆ ಬೆಳೆಸಿಕೊಳ್ಳುತ್ತದೆ.

ಫ್ರಿಜ್ಜಿನಲ್ಲಿಡುವ ಪದ್ಧತಿಯೊಂದಿದೆ: 5ರಿಂದ 8 ಡಿಗ್ರಿಯಲ್ಲಿ, ಮುಚ್ಚಳದ ಡಬ್ಬಿಯಲ್ಲಿ, ದಿನಕ್ಕೊಮ್ಮೆ ಅಷ್ಟೇ ತಣ್ಣಗಿನ ನೀರಿಗೆ ಬದಲಾವಣೆ. ಕಲ್ಲು ನುಂಗಿ ತೇಲುವಾಗ, ಬೂಷ್ಟು ಕೈಮೀರಿದಾಗ ಅನುಭವಿಗಳು ಇದನ್ನು ಮಾಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇದು ವೈದ್ಯರ ಜೊತೆ ಮಾತಾಡಿ ಮಾಡುವ ಕೆಲಸ. 30 ಡಿಗ್ರಿಯ ನೀರಿನಿಂದ ಎತ್ತಿ ನೇರ ಫ್ರಿಜ್ಜಿಗಿಡುವುದು ಕೊಂದಂತೆಯೇ. ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಫ್ರಿಜ್ಜಿನಲ್ಲಿಟ್ಟು ಹೋಗುವವರಿಗೆ ಏನು ಹೇಳುವುದೋ ಗೊತ್ತಿಲ್ಲ.

ವೈದ್ಯರು ಬೇಕಾದಾಗ

ನಮ್ಮ ತಾಲ್ಲೂಕು ಪಶು ಆಸ್ಪತ್ರೆಗಳು ಎಮ್ಮೆ, ಕುರಿ, ನಾಯಿ ನೋಡುವ ಜಾಗ. ಉಭಯವಾಸಿ ನೋಡಿದ ವೈದ್ಯರು ಬೇಕಾದರೆ ಹೈದರಾಬಾದ್ ಅಥವಾ ಬೆಂಗಳೂರು. ಮೊದಲು ಫೋನಿನಲ್ಲಿ ವಿಚಾರಿಸಿ, ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ, ಅರ್ಧ ನಿಮಿಷದ ವಿಡಿಯೊ, ಒಂದು ವಾರದ ಉಷ್ಣತೆ ಮತ್ತು ಕಿಟ್‌ನ ಅಂಕಿಗಳು, ಕೊನೆಯ ಊಟ, ಕೊನೆಯ ಹಿಕ್ಕೆಯ ದಿನ ಕಳಿಸಿ. ಎಷ್ಟೋ ಸಲ ಪ್ರಯಾಣವೇ ತಪ್ಪುತ್ತದೆ.

ಹೋಗಲೇಬೇಕಾದರೆ ಎರಡು ದಿನ ಮೊದಲು ಊಟ ನಿಲ್ಲಿಸಿ, ದಾರಿಯಲ್ಲಿ ಹಿಕ್ಕೆ ಹಾಕಿ ನೀರು ಕೆಡಿಸಿಕೊಳ್ಳುವುದು ತಪ್ಪುತ್ತದೆ. ದಪ್ಪ ಚೀಲದಲ್ಲಿ ಮೂರನೇ ಒಂದು ಭಾಗ ನೀರು, ಉಳಿದದ್ದು ಗಾಳಿ. ಚೀಲವನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು, ಪೇಪರಿನಲ್ಲಿ ಸುತ್ತಿದ ಒಂದು ಐಸ್ ಬಾಟಲಿಯನ್ನು ಚೀಲಕ್ಕೆ ತಾಗದಂತೆ ಮೂಲೆಗೆ ಒತ್ತರಿಸಿ. ಹಗಲಿನ ಬಸ್ಸು ಬೇಡ, ರಾತ್ರಿ ಹೊರಡಿ. ಆಕ್ಸಲಾಟಲ್ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ 2ನೇ ಅನುಬಂಧದಲ್ಲಿದೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆ ಮತ್ತು 2024ರ ನಿಯಮಗಳಂತೆ ಇಂಥ ಪ್ರಾಣಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಪ್ರಯಾಣದಲ್ಲಿ ಆ ಕಾಗದ ಜೊತೆಗಿರಲಿ. ವಾಪಸ್ ಬಂದ ಮೇಲೆ ಚೀಲವನ್ನು ಟ್ಯಾಂಕಿನಲ್ಲಿ ಅರ್ಧ ಗಂಟೆ ತೇಲಿಬಿಟ್ಟು ಉಷ್ಣತೆ ಸಮ ಮಾಡಿ, ಪ್ರಾಣಿಯನ್ನು ಮಾತ್ರ ಒಳಗೆ ಬಿಡಿ, ಚೀಲದ ನೀರನ್ನು ಚೆಲ್ಲಿ. ಎರಡು ದಿನ ದೀಪ ಹಾಕಬೇಡಿ, ಮೂರನೇ ದಿನ ಒಂದು ಹುಳು ತೋರಿಸಿ ನೋಡಿ.